ತಿಮಿಂಗಿಲ ಬೇಟೆ ಹಡಗಿನ ಮರದ ಮಾದರಿ: ಮಾಡಿದವರು ಅನುಭವ ಹೇಳಿ

ಕನೆಕ್ಟಿಕಟ್‌ನ ಮಿಸ್ಟಿಕ್‌ಗೆ ಹೋಗಿದ್ದಾಗ ‘ಚಾರ್ಲ್ಸ್ ಡಬ್ಲ್ಯೂ. ಮಾರ್ಗನ್’ ಹಡಗು ಹತ್ತಿ ಬಂದೆ. 1841ರಲ್ಲಿ ನ್ಯೂ ಬೆಡ್‌ಫರ್ಡ್‌ನಲ್ಲಿ ಕಟ್ಟಿದ್ದು, 37 ಸಲ ಬೇಟೆಗೆ ಹೋಗಿ ಬಂದದ್ದು. ಆವತ್ತಿನಿಂದ ಅದೇ ಗುಂಗು. 1:64 ಅಳತೆಯ ಕಿಟ್ ತರಿಸಿದ್ದೇನೆ. ಪೆಟ್ಟಿಗೆ ಬಿಚ್ಚಿದ ಮೇಲೆ ಕೈಯೇ ಓಡುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

—

ಇದೇ ಹಡಗು ಮುಗಿಸಲು ನನಗೆ ಮೂರು ವರ್ಷ ಹಿಡಿಯಿತು. ಪಟ, ಹಗ್ಗದ ಯೋಚನೆ ಈಗ ಬೇಡ. ಒಡಲಿಗೆ ಮರದ ಪಟ್ಟಿ ಹೊದಿಸುವುದರಲ್ಲೇ ಎಲ್ಲ ಇದೆ. ನಾನು ಮೊದಲು ಪಟ್ಟಿಗಳನ್ನು ಇದ್ದ ಅಗಲದಲ್ಲೇ ಮೂತಿಯವರೆಗೆ ಎಳೆದು ಅಂಟಿಸಿದೆ. ಬೆಳಿಗ್ಗೆ ನೋಡಿದರೆ ಮೂರನೇ ಸಾಲಿನ ಅಂಚು ಮೇಲೆದ್ದು ನಿಂತಿತ್ತು. ಹನ್ನೊಂದು ಪಟ್ಟಿ ಕಿತ್ತೆ.

ಆಮೇಲೆ ಹೀಗೆ ಮಾಡಿದೆ: ಒಡಲಿಗೆ ಪಕ್ಕೆಲುಬಿನ ಹಾಗಿರುವ ಪ್ರತಿ ಅಡ್ಡಚೌಕಟ್ಟಿನ ಮೇಲೂ ಡೆಕ್ಕಿನ ಅಂಚಿನಿಂದ ಕೆಳಗಿನವರೆಗೆ ಒಂದು ಕಾಗದದ ಪಟ್ಟಿ ಸುತ್ತಿ, ಉದ್ದ ಗುರುತು ಹಾಕಿ, ಅದನ್ನು ಸಾಲುಗಳ ಸಂಖ್ಯೆಯಿಂದ ಭಾಗಿಸುವುದು. ಆ ಜಾಗದಲ್ಲಿ ಪಟ್ಟಿ ಎಷ್ಟು ಅಗಲ ಇರಬೇಕು ಅನ್ನುವುದು ತಾನಾಗೇ ಸಿಗುತ್ತದೆ. ಮೂತಿಯ ಹತ್ತಿರ ಸಣ್ಣದಾಗಬೇಕು, ಆದರೆ ಅರ್ಧಕ್ಕಿಂತ ಕಮ್ಮಿ ಮಾಡಬೇಡಿ, ಮೊನೆ ನಿಲ್ಲುವುದಿಲ್ಲ. ಬಿಸಿನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಬಗ್ಗಿಸಿ, ಕ್ಲಿಪ್ ಹಾಕಿ ರಾತ್ರಿಯಿಡೀ ಹಾಗೇ ಬಿಡಿ. ಅಂಟು ಮಾರನೇ ದಿನಕ್ಕೆ. ಒಂದು ಸಾಲು ಎಡಕ್ಕೆ ಹಾಕಿದರೆ ಮುಂದಿನದು ಬಲಕ್ಕೆ, ಇಲ್ಲದಿದ್ದರೆ ಒಡಲು ಸೊಟ್ಟಗಾಗುತ್ತದೆ.

—

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನನ್ನದೊಂದು ಕೋರಿಕೆ: ಇದನ್ನು ವಿಹಾರದ ಹಡಗಿನ ಹಾಗೆ ಹೊಳಪಿಸಬೇಡಿ. ಮುಂದಿನ ಕಂಬದ ಹಿಂದೆ ಇರುವ ಇಟ್ಟಿಗೆ ಒಲೆ ನೋಡಿದಿರಲ್ಲ? ಅದರ ಕೊಪ್ಪರಿಗೆಗಳಲ್ಲಿ ಕೊಬ್ಬು ಕಾಯಿಸಿ ಎಣ್ಣೆ ತೆಗೆಯುತ್ತಿದ್ದರು. ಡೆಕ್ಕು ಸುಡದಿರಲಿ ಅಂತ ಒಲೆಯಡಿ ನೀರು ನಿಲ್ಲಿಸುತ್ತಿದ್ದರು. ಆ ಮಸಿ ಪಟಕ್ಕೆಲ್ಲ ಹಿಡಿಯುತ್ತಿತ್ತು. ಒಲೆಯ ಸುತ್ತ ಸ್ವಲ್ಪ ಕಪ್ಪು ಪುಡಿ ಬೆರಳಲ್ಲಿ ತಿಕ್ಕಿ.

ಹಗ್ಗ ಕಟ್ಟುವ ಮೊದಲು ನ್ಯೂ ಬೆಡ್‌ಫರ್ಡ್ ಮ್ಯೂಸಿಯಂಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ‘ಲಗೋಡಾ’ ಅನ್ನುವ ಇನ್ನೊಂದು ಬೇಟೆ ಹಡಗಿನ ಅರ್ಧ ಅಳತೆಯ ಮಾದರಿ ಇದೆ, 89 ಅಡಿ ಉದ್ದ. 1915-16ರಲ್ಲಿ ಆ ಕಟ್ಟಡದೊಳಗೇ ಕಟ್ಟಿದ್ದು. ಯಾವ ಹಗ್ಗ ಎಲ್ಲಿ ಗಂಟಾಗುತ್ತದೆ ಅಂತ ಅದರ ಮೇಲೆ ನಿಂತೇ ನೋಡಬಹುದು. ನಕ್ಷೆಯಲ್ಲಿ ವಾರಗಟ್ಟಲೆ ಅರ್ಥವಾಗದ್ದು ನನಗೆ ಅಲ್ಲಿ ಒಂದೇ ಮಧ್ಯಾಹ್ನದಲ್ಲಿ ಹೊಳೆಯಿತು.

—

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಹಡಗಿನಿಂದ ನೀರಿಗಿಳಿಸುವ ಬೇಟೆ ದೋಣಿಗಳನ್ನು ಕೊನೆಗೆ ಅಂತ ಇಟ್ಟುಕೊಳ್ಳಬೇಡಿ. 28 ಅಡಿಯ ದೋಣಿ ಈ ಅಳತೆಯಲ್ಲಿ 13 ಸೆಂಟಿಮೀಟರ್ ಆಗುತ್ತದೆ, ಎರಡೂ ತುದಿ ಚೂಪು. ಆರು ಜನ ಕೂರುವ ಜಾಗ, ಹಗ್ಗದ ತೊಟ್ಟಿ, ಹಿಂದೆ ಹಗ್ಗ ಸುತ್ತುವ ಗೂಟ, ಎಲ್ಲ ಅದರೊಳಗೇ ಬರಬೇಕು. ಸುಸ್ತಾದ ಕೈಯಿಂದ ಆಗುವ ಕೆಲಸವಲ್ಲ. ಎಣ್ಣೆ ಪೀಪಾಯಿಗಳನ್ನು ನಾನು ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರದಲ್ಲಿ ಕಡೆದೆ. ನಾರು ಏಳುವುದಿಲ್ಲ, ಉಪ್ಪುಕಾಗದಕ್ಕೆ ಬೆಣ್ಣೆಯ ಹಾಗೆ ನಯವಾಗುತ್ತದೆ. ಊರಿಗೆ ಬಂದಾಗ ಒಂದು ತುಂಡು ತೆಗೆದುಕೊಂಡು ಹೋಗಿ.