ಟೇಕಾಫ್ ಆದ ಕೂಡಲೇ ಎಂಜಿನ್ ನಿಂತರೆ ರನ್‌ವೇಗೆ ಹಿಂದಿರುಗಬಾರದೇಕೆ?

ಪ್ರಶ್ನೆ (ಗೋಕುಲ ರಸ್ತೆ, ಹುಬ್ಬಳ್ಳಿ):
ನನ್ನ ತಮ್ಮನ ಮಗ ಪೈಲಟ್ ತರಬೇತಿಗೆ ಸೇರಿದ್ದಾನೆ. ಒಂದೇ ಎಂಜಿನ್ನಿನ ವಿಮಾನ ನೆಲ ಬಿಟ್ಟು ನಾಲ್ಕೈದು ನೂರು ಅಡಿ ಏರುವಷ್ಟರಲ್ಲಿ ಎಂಜಿನ್ ನಿಂತರೆ, ಹಿಂದಿರುಗುವ ಯೋಚನೆಯನ್ನೇ ಮಾಡದೆ ಎದುರಿಗಿರುವ ಜಾಗದಲ್ಲಿ ಇಳಿಯಬೇಕೆಂದು ಅವನಿಗೆ ಕಲಿಸಿದ್ದಾರಂತೆ. ನಮ್ಮ ಹುಬ್ಬಳ್ಳಿಯಲ್ಲಿ ಸುಮಾರು 2,600 ಮೀಟರ್ ಉದ್ದದ ರನ್‌ವೇ ಬೆನ್ನ ಹಿಂದೆಯೇ ಇರುವಾಗ, ಅದನ್ನು ಬಿಟ್ಟು ಎರೆಹೊಲಕ್ಕೆ ಇಳಿಸುವುದು ಯಾವ ಲೆಕ್ಕ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಹಾರಾಟ ತರಬೇತುದಾರ):
ಸರ್, ತಾವು ಕೇಳಿದಂತೆ ಲೆಕ್ಕವನ್ನೇ ಹಾಕೋಣ. ಸೆಸ್ನಾ 172ರಂತಹ ಒಂದೇ ಎಂಜಿನ್ನಿನ ಚಿಕ್ಕ ವಿಮಾನವು 70 ನಾಟ್ (ಗಂಟೆಗೆ ಸುಮಾರು 130 ಕಿ.ಮೀ.) ವೇಗದಲ್ಲಿ 30 ಡಿಗ್ರಿ ವಾಲಿ ಅರ್ಧ ಸುತ್ತು ತಿರುಗಿದರೆ, ಅದು ರನ್‌ವೇಯ ಮೇಲೆ ಬಂದಿರುವುದಿಲ್ಲ. ಸುಮಾರು 450 ಮೀಟರ್ ಪಕ್ಕದಲ್ಲಿರುತ್ತದೆ. ಅಲ್ಲಿಂದ ಇನ್ನಷ್ಟು ತಿರುಗಿ, ಮತ್ತೆ ಎದುರು ದಿಕ್ಕಿಗೆ ಹೊರಳಿ ನೇರವಾಗಬೇಕು. ಅಷ್ಟೂ ಹೊತ್ತು ವಿಮಾನ ಕೆಳಗಿಳಿಯುತ್ತಲೇ ಇರುತ್ತದೆ. ಬೇಗ ತಿರುಗಿಸೋಣವೆಂದು ಎತ್ತರ ಕಾಯ್ದುಕೊಳ್ಳುತ್ತ 60 ಡಿಗ್ರಿ ವಾಲಿಸಿದರೆ, ನೇರ ಹಾರಾಟದಲ್ಲಿ 50 ನಾಟ್‌ಗೆ ಆಗಬೇಕಾದ ಸ್ಟಾಲ್ 70 ನಾಟ್‌ಗೇ ಆಗುತ್ತದೆ. ಸ್ಟಾಲ್ ಆದ ರೆಕ್ಕೆ ವಿಮಾನವನ್ನು ಹೊರುವುದಿಲ್ಲ, ಅದರಿಂದ ಚೇತರಿಸಿಕೊಳ್ಳುವಷ್ಟು ಎತ್ತರವೂ ಅಲ್ಲಿ ಉಳಿದಿರುವುದಿಲ್ಲ. ಸಾಲದ್ದಕ್ಕೆ, ಟೇಕಾಫ್ ಎದುರುಗಾಳಿಗೆ ಆಗಿರುವುದರಿಂದ ಹಿಂದಿರುಗುವಾಗ ಗಾಳಿ ಬೆನ್ನಿಗೆ ಬೀಳುತ್ತದೆ. ನೆಲ ರಭಸದಿಂದ ಓಡುವುದನ್ನು ಕಂಡು ವೇಗ ಸಾಕಷ್ಟಿದೆಯೆಂದು ಭ್ರಮಿಸುವ ಪೈಲಟ್ ಮೂತಿಯನ್ನು ಇನ್ನಷ್ಟು ಎತ್ತುತ್ತಾನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ಎರಡು ಮೂರು ಸೆಕೆಂಡು. ಏರುತ್ತಿರುವ ವಿಮಾನದ ಮೂತಿ ಮೇಲಿರುತ್ತದೆ, ಎಂಜಿನ್ ನಿಂತೊಡನೆ ವೇಗ ಸೋರತೊಡಗುತ್ತದೆ. ಗಾಜಿನ ತುಂಬ ನೆಲ ಕಾಣುವಂತೆ ಯೋಕನ್ನು (ಮೂತಿ ಏರಿಳಿಸುವ ಹಿಡಿಕೆಯನ್ನು) ಮುಂದಕ್ಕೆ ಒತ್ತಬೇಕು, ಮನಸ್ಸು ಬೇಡವೆಂದರೂ ಕೈ ಒತ್ತಬೇಕು. ಬಳಿಕ ಎಡಬಲಕ್ಕೆ ಸ್ವಲ್ಪವೇ ಹೊರಳಿ ಜಾಗ ಆರಿಸಿಕೊಂಡು, ನೆಲ ಮುಟ್ಟುವ ಮುನ್ನ ಇಂಧನ, ಮ್ಯಾಗ್ನೆಟೋ (ಎಂಜಿನ್ನಿಗೆ ಕಿಡಿ ಕೊಡುವ ಸಾಧನ), ವಿದ್ಯುತ್ತಿನ ಮಾಸ್ಟರ್ ಸ್ವಿಚ್ ಬಂದ್ ಮಾಡಿ ಬಾಗಿಲ ಚಿಲಕ ತೆಗೆದಿರಬೇಕು. ಎಂಜಿನ್ ಮತ್ತೆ ಚಾಲೂ ಮಾಡುವ ಪ್ರಯತ್ನಕ್ಕೆ ಅಷ್ಟು ಕೆಳಗೆ ಹೊತ್ತು ಸಾಲುವುದೇ ಅಪರೂಪ.

ಉತ್ತರ 2 (ಧಾರವಾಡದ ಹವ್ಯಾಸಿ ಪೈಲಟ್):
ಉದ್ದ ರನ್‌ವೇಯ ಲಾಭ ಬೇರೆ ರೀತಿಯಲ್ಲಿ ಸಿಗುತ್ತದೆ. ಚಿಕ್ಕ ವಿಮಾನವು ಇನ್ನೂರು ಅಡಿ ಏರಿದಾಗಲೂ ಅದರ ಮುಂದೆ ಸಾವಿರ ಮೀಟರಿಗಿಂತ ಹೆಚ್ಚು ರನ್‌ವೇ ಉಳಿದಿರುತ್ತದೆ, ಅಲ್ಲಿಯೇ ಇಳಿದುಬಿಡಬಹುದು. ಸಮಯ ಉಳಿಸಲು ರನ್‌ವೇಯ ನಡುವಿನಿಂದಲೇ ಹೊರಡುವವರು ಈ ಆಸ್ತಿಯನ್ನು ಪುಕ್ಕಟೆ ಬಿಟ್ಟುಕೊಡುತ್ತಾರೆಂಬುದು ನನ್ನ ಅಭಿಪ್ರಾಯ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲಿ 38 ಡಿಗ್ರಿ ಬಿಸಿಲಿದ್ದರೆ ಗಾಳಿ ತೆಳುವಾಗಿ, ವಿಮಾನವು ಐದು ಸಾವಿರ ಅಡಿಗೂ ಮೇಲಿನ ಊರಿನಿಂದ ಹೊರಟಂತೆ ನಿಧಾನವಾಗಿ ಏರುತ್ತದೆ.

ಹೊಲದ ವಿಷಯಕ್ಕೆ ಬಂದರೆ, ಹರಗಿ ಬಿಟ್ಟ ಒಣ ಎರೆಹೊಲದಲ್ಲಿ ಸಾಲುಗಳ ಉದ್ದಕ್ಕೆ ಇಳಿಯಬೇಕೇ ಹೊರತು ಅಡ್ಡಲಾಗಿ ಅಲ್ಲ, ಬದುಗಳನ್ನೂ ನೋಡಿಕೊಳ್ಳಬೇಕು. ಮಳೆಗಾಲದ ಹಸಿ ಎರೆಮಣ್ಣು ಮುಂಗಾಲಿಯನ್ನು ಹಿಡಿದು ವಿಮಾನವನ್ನು ಮಗುಚಬಹುದು. ಆದರೂ ಹತೋಟಿಯಲ್ಲಿದ್ದು ಕಡಿಮೆ ವೇಗದಲ್ಲಿ ಮಗುಚಿದ ವಿಮಾನದಿಂದ ಹೊರಬರುವ ಸಾಧ್ಯತೆ, ಸ್ಟಾಲ್ ಆಗಿ ಮೂತಿ ಕೆಳಗಾಗಿ ಬಿದ್ದ ವಿಮಾನದಿಂದ ಬರುವುದಕ್ಕಿಂತ ಬಹಳ ಹೆಚ್ಚು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಎರಡು ಎಂಜಿನ್ನಿನ ಎಟಿಆರ್ ವಿಮಾನಕ್ಕೂ ಇದೇ ನಿಯಮವೇ?

ಉತ್ತರ 1 (ಹಾರಾಟ ತರಬೇತುದಾರ):
ಇಲ್ಲ ಸರ್. ನಿರ್ಧಾರದ ವೇಗ (ಟೇಕಾಫ್ ಕೈಬಿಟ್ಟು ನಿಲ್ಲಿಸಬಹುದಾದ ಕೊನೆಯ ವೇಗ) ದಾಟಿದ ಮೇಲೆ ಒಂದು ಎಂಜಿನ್ ಕೈಕೊಟ್ಟರೂ ಉಳಿದ ಒಂದರಲ್ಲೇ ಮೇಲೇರುವಂತೆ ಅಂತಹ ವಿಮಾನಗಳನ್ನು ರೂಪಿಸಿ, ಪರೀಕ್ಷಿಸಿರುತ್ತಾರೆ. ಏರಿದ ಮೇಲೆ ಸುತ್ತು ಹಾಕಿ ಬಂದು ಇಳಿಯುತ್ತಾರೆ. ಅಲ್ಲಿನ ಅಪಾಯವೆಂದರೆ ಆತುರ. 2015ರ ಫೆಬ್ರುವರಿ 4ರಂದು ತೈವಾನಿನ ತೈಪೆಯಿಂದ ಹೊರಟ ಟ್ರಾನ್ಸ್‌ಏಷ್ಯಾದ ಎಟಿಆರ್ 72 ವಿಮಾನದಲ್ಲಿ ಬಲಗಡೆಯ ಪ್ರೊಪೆಲ್ಲರ್ ತಾನಾಗಿ ಫೆದರ್ ಆಗಿ (ಅಲಗುಗಳು ಗಾಳಿಗೆ ಅಂಚು ಕೊಟ್ಟು ತಿರುಗಿ) ಒತ್ತು ಕೊಡುವುದನ್ನು ನಿಲ್ಲಿಸಿತು. ಆದರೆ ಚೆನ್ನಾಗಿ ನಡೆಯುತ್ತಿದ್ದ ಎಡ ಎಂಜಿನ್ನನ್ನು ಬಂದ್ ಮಾಡಲಾಯಿತು. ವಿಮಾನ ನದಿಗೆ ಬಿದ್ದು, ಅದರಲ್ಲಿದ್ದ 58 ಜನರಲ್ಲಿ 43 ಮಂದಿ ತೀರಿಕೊಂಡರು. ಆದ್ದರಿಂದಲೇ ಮೊದಲು ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಪೆಡಲ್ ಒತ್ತಿ ವಿಮಾನವನ್ನು ನೇರವಾಗಿಟ್ಟು ಸುರಕ್ಷಿತ ಎತ್ತರಕ್ಕೆ ಏರುತ್ತಾರೆ; ಆಮೇಲೆ ಒಬ್ಬ ಪೈಲಟ್ ಯಾವ ಎಂಜಿನ್ನಿನ ಲಿವರ್ ಎಂದು ಹೇಳಿ ಕೈಯಿಟ್ಟು, ಇನ್ನೊಬ್ಬರು ನೋಡಿ ಹೌದೆಂದ ಮೇಲಷ್ಟೇ ಅದನ್ನು ಎಳೆಯುತ್ತಾರೆ.