ಬಡಾವಣೆಯ ಮಳೆನೀರು: ದೊಡ್ಡ ಕೊಳವೆಯೋ, ಮನೆಗೊಂದು ಇಂಗುಗುಂಡಿಯೋ?

ಪ್ರಶ್ನೆ

2 ಹೆಕ್ಟೇರ್ ವಿಸ್ತೀರ್ಣದ ಹೊಸ ವಸತಿ ಬಡಾವಣೆಯೊಂದರ ನಕ್ಷೆ ಸಿದ್ಧಪಡಿಸುತ್ತಿರುವ ತಂಡದಲ್ಲಿ ನಾನೂ ಒಬ್ಬ. ನಿವೇಶನಗಳನ್ನೂ ರಸ್ತೆಗಳನ್ನೂ ಆಗಲೇ ಗುರುತಿಸಿದ್ದೇವೆ. ಉದ್ಯಾನಕ್ಕೆ ಮೀಸಲಿಟ್ಟ 2,000 ಚದರ ಮೀಟರ್ ಜಾಗ ಎತ್ತರದ ಮೂಲೆಯಲ್ಲಿದೆ. ಆ ಮೂಲೆ ಸೊಟ್ಟಗಿರುವುದರಿಂದ ಅಲ್ಲಿ ನಿವೇಶನ ಸರಿಯಾಗಿ ಕೂರುವುದಿಲ್ಲ ಎಂಬುದೊಂದೇ ಅದಕ್ಕೆ ಕಾರಣ. ಮೇಲುಭಾಗದಲ್ಲಿ ಮರಳು ಮಿಶ್ರಿತ ಮಣ್ಣಿದೆ, ತಗ್ಗಿನಲ್ಲಿ ಜಿಗುಟಾದ ಜೇಡಿಮಣ್ಣಿದೆ. ದೊಡ್ಡ ಕೊಳವೆ ಹಾಕಿ ಮಳೆನೀರನ್ನು ಆದಷ್ಟು ಬೇಗ ಹೊರಗಿನ ಕಾಲುವೆಗೆ ಸೇರಿಸಬೇಕೆಂದು ತಂಡದ ಕೆಲವರು ವಾದಿಸುತ್ತಾರೆ. ಪ್ರತಿ ಮನೆಗೂ ಇಂಗುಗುಂಡಿ ಕಡ್ಡಾಯ ಮಾಡಿದರೆ ಕೊಳವೆಯೇ ಬೇಡವೆಂದು ಉಳಿದವರು ಹೇಳುತ್ತಾರೆ. ಎರಡೂ ನನಗೆ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ. ಲೆಕ್ಕವನ್ನು ಎಲ್ಲಿಂದ ಶುರು ಮಾಡಬೇಕೆಂದು ಬಲ್ಲವರು ತಿಳಿಸಬೇಕು.

ಉತ್ತರ 1

ನೀವು ಕೇಳದೇ ಇದ್ದರೂ ಮೊದಲು ಉದ್ಯಾನದ ಬಗ್ಗೆಯೇ ಹೇಳುತ್ತೇನೆ, ಏಕೆಂದರೆ ತಪ್ಪು ಅಲ್ಲಿಯೇ ಆಗಿದೆ. ನೀರು ಬಂದು ನಿಲ್ಲುವ ತಗ್ಗಿನಲ್ಲಿ ಮನೆ ಕಟ್ಟಿ, ನೀರೇ ಹತ್ತದ ಎತ್ತರದಲ್ಲಿ ಬಯಲು ಬಿಟ್ಟರೆ, ಆಮೇಲೆ ಎಷ್ಟು ದಪ್ಪದ ಕೊಳವೆ ಹಾಕಿದರೂ ಅದು ಆ ತಪ್ಪಿಗೆ ತೆರುವ ದಂಡವಷ್ಟೇ.

ಈಗ ಲೆಕ್ಕಕ್ಕೆ ಬರೋಣ. ಗಂಟೆಗೆ 50 ಮಿ.ಮೀ. ಮಳೆ ಸುರಿಯಿತೆಂದು ಇಟ್ಟುಕೊಳ್ಳಿ. ಒಂದು ಚದರ ಮೀಟರ್ ಮೇಲೆ ಬಿದ್ದ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. ಹಾಗಾಗಿ ನಿಮ್ಮ 2 ಹೆಕ್ಟೇರ್ ಮೇಲೆ ಆ ಒಂದು ಗಂಟೆಯಲ್ಲಿ ಬೀಳುವುದು 10 ಲಕ್ಷ ಲೀಟರ್. ಬಯಲಾಗಿದ್ದಾಗ ಅದರಲ್ಲಿ ಶೇ. 30ರಷ್ಟು ಹರಿದು ಹೋಗುತ್ತಿತ್ತು, ಚಾವಣಿ ಮತ್ತು ಡಾಂಬರು ಬಂದ ಮೇಲೆ ಶೇ. 80ರಷ್ಟು ಹರಿಯುತ್ತದೆ ಎಂದು ಹಿಡಿದರೆ, ಹೊರಹರಿವು ಸೆಕೆಂಡಿಗೆ ಸುಮಾರು 83 ಲೀಟರಿನಿಂದ 222 ಲೀಟರಿಗೆ ಏರುತ್ತದೆ. ದೊಡ್ಡ ಕೊಳವೆಯ ವಾದವು ಈ 222 ಲೀಟರನ್ನು ಹಾಗೆಯೇ ಕೆಳಗಿನವರ ಪಾಲಿಗೆ ತಳ್ಳುತ್ತದೆ. ನೀವು ತಡೆದು ನಿಲ್ಲಿಸಬೇಕಾದದ್ದು ಈ ಎರಡರ ನಡುವಿನ ವ್ಯತ್ಯಾಸವನ್ನು, ಅಂದರೆ ಆ ಗಂಟೆಯಲ್ಲಿ 5 ಲಕ್ಷ ಲೀಟರನ್ನು, ಅಥವಾ 500 ಘನ ಮೀಟರನ್ನು. ನಿಮ್ಮ 2,000 ಚದರ ಮೀಟರ್ ಉದ್ಯಾನ ತಗ್ಗಿನಲ್ಲಿದ್ದು, ಅದರ ನೆಲ ಸುತ್ತಲಿನ ಮಟ್ಟಕ್ಕಿಂತ ಬರೀ 25 ಸೆಂ.ಮೀ. ಕೆಳಗಿದ್ದರೆ ಅಷ್ಟೂ ನೀರು ಅಲ್ಲಿ ಹಿಡಿಯುತ್ತದೆ. ಉಳಿದ ದಿನಗಳಲ್ಲಿ ಅದು ಮಕ್ಕಳ ಆಟದ ಬಯಲು.

ಕೆರೆ ಕಟ್ಟಿದವರಿಗೆ ಇದು ಗೊತ್ತಿದ್ದ ವಿದ್ಯೆ. ನೀರನ್ನು ನಿಧಾನವಾಗಿ ಬಿಡಲು ತೂಬು, ಮಿತಿ ಮೀರಿದಾಗ ಏರಿಗೆ ಅಪಾಯವಾಗದಂತೆ ಹೊರಬಿಡಲು ಕೋಡಿ. ನಿಮ್ಮ ಉದ್ಯಾನಕ್ಕೂ ಈ ಎರಡೂ ಬೇಕು. ಮನೆಗೊಂದು ಇಂಗುಗುಂಡಿ ಎಂಬ ವಾದದಲ್ಲಿ ಕೋಡಿಯ ಮಾತೇ ಇಲ್ಲದಿರುವುದು ನನ್ನ ಮುಖ್ಯ ಆಕ್ಷೇಪ. ಸಣ್ಣ ಮಳೆಗೆ ಗುಂಡಿ ಸಾಕು. ಗುಂಡಿಗಳೆಲ್ಲ ತುಂಬಿದ ಮೇಲೂ ಮಳೆ ನಿಲ್ಲದಿದ್ದರೆ ನೀರು ಯಾವ ರಸ್ತೆಯ ಮೇಲೆ, ಯಾರ ಗೇಟಿನ ಮುಂದೆ ಹರಿಯಬೇಕೆಂಬುದು ನಕ್ಷೆಯಲ್ಲೇ ನಿಶ್ಚಯವಾಗಿರಬೇಕು.

ಉತ್ತರ 2

ಮೇಲಿನವರ ಮಾತಿಗೆ ಎರಡು ಉದಾಹರಣೆಗಳಿವೆ. ಸ್ವೀಡನ್ನಿನ ಮಾಲ್ಮೋ ನಗರದ ಆಗಸ್ಟೆನ್‌ಬೋರ್ಗ್ ಎಂಬ ಹಳೆಯ ವಸತಿ ಪ್ರದೇಶದಲ್ಲಿ ನೆಲಮಾಳಿಗೆಗಳಿಗೆ ನೀರು ನುಗ್ಗುತ್ತಿತ್ತು. 1998ರಿಂದ ಅಲ್ಲಿ ಮಳೆನೀರನ್ನು ಒಳಚರಂಡಿಯಿಂದ ಬಿಡಿಸಿ, ತೆರೆದ ಕಾಲುವೆ, ಹೊಂಡ ಮತ್ತು ಹಸಿರು ಚಾವಣಿಗಳಿಗೆ ತಿರುಗಿಸಿದರು. 2014ರ ಆಗಸ್ಟ್ 31ರ ಭಾರಿ ಮಳೆಯಲ್ಲಿ ನೆರೆಯ ಪ್ರದೇಶಗಳಿಗೆ ಹೋಲಿಸಿದರೆ ಅಲ್ಲಿ ಹಾನಿ ಬಹಳ ಕಡಿಮೆಯಾಯಿತು. ಕೋಪನ್‌ಹೇಗನ್‌ನಲ್ಲಿ 2011ರ ಜುಲೈ 2ರಂದು ಎರಡು ಗಂಟೆಯೊಳಗೆ 100 ಮಿ.ಮೀ.ಗೂ ಹೆಚ್ಚು ಮಳೆ ಸುರಿದು ಊರು ಮುಳುಗಿದ ಮೇಲೆ, ಕೆಲವು ರಸ್ತೆಗಳನ್ನೇ ಅತಿಮಳೆಯ ಕಾಲುವೆಗಳನ್ನಾಗಿ ರೂಪಿಸುವ ಯೋಜನೆಯನ್ನು ಕೈಗೊಂಡರು. ರಸ್ತೆಯನ್ನು ನಡು ಉಬ್ಬಿದಂತೆ ಮಾಡದೆ ನಡು ತಗ್ಗಿಸಿದರೆ, ನೀರು ಮನೆಗಳ ಅಂಚು ಬಿಟ್ಟು ಮಧ್ಯದಲ್ಲಿ ಹರಿಯುತ್ತದೆ.

ಉತ್ತರ 3

ನಕ್ಷೆಯ ಮಾತು ಸರಿ, ಆದರೆ ನಾನು ಸ್ಥಳದಲ್ಲಿ ನಿಂತು ಕೆಲಸ ಮಾಡಿಸುವವನು. ಲೆಕ್ಕದಲ್ಲಿ ಗೆದ್ದ ಯೋಜನೆ ಎರಡು ಅಂಗುಲದಲ್ಲಿ ಸೋತದ್ದನ್ನು ನೋಡಿದ್ದೇನೆ. ರಸ್ತೆಯಂಚಿನ ಕಲ್ಲನ್ನು ಅಲ್ಲಲ್ಲಿ ಬಿಡಿಸಿ, ನೀರು ಪಕ್ಕದ ಗಿಡದ ಪಾತಿಗೆ ಇಳಿಯುವಂತೆ ಮಾಡಿದ್ದೆವು. ಪಾತಿಯ ಮಣ್ಣನ್ನು ರಸ್ತೆಯ ಮಟ್ಟಕ್ಕೆ ಸರಿಸಮನಾಗಿ ತುಂಬಿಸಿದ್ದು ನನ್ನದೇ ತಪ್ಪು. ಒಂದೇ ಮಳೆಗಾಲದಲ್ಲಿ ಬಾಯಿಯ ಎದುರಿಗೆ ಹೂಳು ಮತ್ತು ತರಗೆಲೆ ಸೇರಿ ಒಂದು ಪುಟ್ಟ ಬದುವಾಯಿತು. ಹುಲ್ಲು ಬೇರುಬಿಟ್ಟು ಅದನ್ನು ಗಟ್ಟಿ ಮಾಡಿತು. ನೀರು ಪಾತಿಯನ್ನು ಸವರಿಕೊಂಡು ಮುಂದೆ ಹರಿದು ಹೋಗುತ್ತಿತ್ತು, ಒಳಗೆ ಗಿಡಗಳು ಬಾಡುತ್ತಿದ್ದವು. ಈಗ ನಾನು ಪಾತಿಯ ಬಾಯನ್ನು ರಸ್ತೆಗಿಂತ 5ರಿಂದ 7 ಸೆಂ.ಮೀ. ಕೆಳಗೆ ಇಡಿಸುತ್ತೇನೆ, ಹೂಳನ್ನು ಸಲಿಕೆಯಿಂದ ಬಾಚಿ ತೆಗೆಯಲು ಅಲ್ಲೊಂದು ಚಪ್ಪಡಿ ಹಾಸಿಸುತ್ತೇನೆ.

ಮನೆಗಳ ಕೆಲಸ ಮುಗಿಯುವ ತನಕ ಇಂಗುಪಾತಿಗಳನ್ನು ಮಾಡಬೇಡಿ. ಸಿಮೆಂಟಿನ ಕೆಸರು ಇಳಿದರೆ ಮಣ್ಣಿನ ರಂಧ್ರಗಳು ಮುಚ್ಚಿಹೋಗುತ್ತವೆ, ಲಾರಿ ಹತ್ತಿದ ನೆಲವಂತೂ ನೀರು ಕುಡಿಯುವುದನ್ನೇ ಮರೆಯುತ್ತದೆ. ಇಂಗಿಸುವ ಜಾಗಕ್ಕೆ ಮೊದಲ ದಿನವೇ ಬೇಲಿ ಹಾಕಿಸಿ.

ಮಣ್ಣಿನ ಪರೀಕ್ಷೆಯನ್ನು ಮೇಲೆ ಒಂದೆಡೆ, ಕೆಳಗೆ ಒಂದೆಡೆಯಾದರೂ ಮಾಡಿ. ಇಂಗಿಸಬೇಕಾದ ಆಳದವರೆಗೆ ಗುಂಡಿ ತೋಡಿ, ಹಿಂದಿನ ದಿನ ನೀರು ತುಂಬಿಸಿ ನೆನೆಯಲು ಬಿಡಿ; ಮರುದಿನ ಮತ್ತೆ ತುಂಬಿಸಿ, ಅಳತೆಪಟ್ಟಿ ನಿಲ್ಲಿಸಿ, ಗಂಟೆಗೆ ಎಷ್ಟು ಇಳಿಯಿತೆಂದು ಬರೆದುಕೊಳ್ಳಿ. ಒಣನೆಲದಲ್ಲಿ ಅಳೆದರೆ ಜೇಡಿಮಣ್ಣೂ ಮೋಸ ಮಾಡುತ್ತದೆ. ಗಂಟೆಗೆ 13 ಮಿ.ಮೀ.ಗಿಂತ ಕಡಿಮೆ ಇಳಿದರೆ ಇಂಗುವಿಕೆಯೊಂದನ್ನೇ ನಂಬದೆ, ಪಾತಿಯ ತಳದಲ್ಲಿ ಜಲ್ಲಿಯೊಳಗೆ ರಂಧ್ರವಿರುವ ಕೊಳವೆ ಹಾಕುವುದು ವಾಡಿಕೆ. ಮನೆಯ ಪಾಯದಿಂದ ಕನಿಷ್ಠ 3 ಮೀಟರ್ ದೂರವಿರಲಿ, ಜೇಡಿಮಣ್ಣಿನಲ್ಲಿ ಇನ್ನೂ ಹೆಚ್ಚು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಉದ್ಯಾನವನ್ನು ತಗ್ಗಿಗೆ ತಂದು ನಕ್ಷೆ ಮತ್ತೆ ಬರೆದು ನೋಡಿದೆವು. ಎರಡು ನಿವೇಶನಗಳು ಕೈಬಿಟ್ಟು ಹೋದವು, ಆದರೆ ಕೊಳವೆಯ ಗಾತ್ರವೂ ಉದ್ದವೂ ಇಳಿದವು. ಸೊಟ್ಟ ಮೂಲೆಯ ಮರಳು ಮಣ್ಣಿನಲ್ಲಿ ಇಂಗುಗುಂಡಿಗಳನ್ನು ಉಳಿಸಿಕೊಂಡಿದ್ದೇವೆ. ಈಗ ಎದ್ದಿರುವ ಪ್ರಶ್ನೆ ಸೊಳ್ಳೆಯದು. ನೀರು ನಿಲ್ಲುವ ಉದ್ಯಾನ ಎಂದೊಡನೆ ಮನೆ ಕೊಳ್ಳುವವರು ಹಿಂಜರಿಯುತ್ತಾರೆ.

ಉತ್ತರ 1 ಬರೆದವರು

ಮೊಟ್ಟೆಯಿಂದ ಸೊಳ್ಳೆಯಾಗಲು ಸಾಮಾನ್ಯವಾಗಿ 7ರಿಂದ 10 ದಿನ ಬೇಕು. ನಿಮ್ಮ ಬಯಲು 48 ಗಂಟೆಯೊಳಗೆ ಪೂರ್ತಿ ಬರಿದಾಗುವಂತೆ ತೂಬಿನ ಗಾತ್ರ ಇಡಿ, ನೆಲಕ್ಕೆ ತೂಬಿನ ಕಡೆಗೇ ಇಳಿಜಾರು ಕೊಡಿ, ತೂಬಿನ ಬಾಯಿಗೆ ಕಸ ತಡೆಯುವ ಸರಳು ಹಾಕಿ. ಸೊಳ್ಳೆ ಹುಟ್ಟುವುದು ಬಯಲಿನಲ್ಲಲ್ಲ, ಹೂಳು ತೆಗೆಯದೆ ನೀರು ನಿಂತ ಮುಚ್ಚಿದ ಗುಂಡಿಗಳಲ್ಲಿ. ಸರಳಿನ ಕಸ ತೆಗೆಯುವವರು ಯಾರೆಂಬುದನ್ನು ಈಗಲೇ ಬಡಾವಣೆಯ ನಿರ್ವಹಣಾ ಕರಾರಿನಲ್ಲಿ ಬರೆಸಿ. ಮಳೆಗಾಲಕ್ಕೆ ಮುನ್ನ ಒಮ್ಮೆ, ಪ್ರತಿ ದೊಡ್ಡ ಮಳೆಯ ಮರುದಿನ ಒಮ್ಮೆ.