‘ಕೂರುತ್ತೆ’ ಅಂದರೆ ಎಷ್ಟು ಕೂರುತ್ತೆ? (ಪದಚರ್ಚೆ: ಹೊಂದು, ಹೊಂದಿಸು, ಕಸಿ)

ಎಲ್ಲರಿಗೂ ನಮಸ್ಕಾರ.

ಹಳೇ ಮೋಟಾರ್ ಸೈಕಲ್ಲುಗಳ ಬಗ್ಗೆ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಗಾಡಿಯ ಮುಂದಿನ ಗಾಲಿ, ಫೋರ್ಕು (ಆ ಗಾಲಿಯನ್ನು ಹಿಡಿದಿರುವ ಎರಡು ಕಾಲಿನ ಕವಲು), ಬ್ರೇಕು ಬಿಚ್ಚಿ ಅದೇ ಕಾಲದ, ಅದೇ ಥರದ ಇನ್ನೊಂದು ಗಾಡಿಗೆ ಹಾಕಬಹುದಾ, ಹಾಕುವಾಗ ಏನೇನು ನೋಡಬೇಕು, ಇಷ್ಟೇ ವಿಷಯ. ಆದರೆ ನಟ್ಟು ಬೋಲ್ಟಿಗಿಂತ ಕ್ರಿಯಾಪದಗಳೇ ಜಾಸ್ತಿ ಕಾಟ ಕೊಡುತ್ತಿವೆ.

ತೊಂದರೆ ಶುರುವಾದದ್ದು ಒಂದು ಪದದಿಂದ. ಗೆಳೆಯನೊಬ್ಬ ‘ಆ ಗಾಡಿ ಗಾಲಿ ನಿನ್ನ ಗಾಡಿಗೆ ಕೂರುತ್ತೆ’ ಅಂದ. ನಂಬಿ ತಂದೆ. ಆಕ್ಸಲ್ (ಗಾಲಿಯ ನಡುವೆ ತೂರುವ ಕಂಬಿ) ಸಲೀಸಾಗಿ ತೂರಿತು, ನಟ್ಟೂ ಬಿಗಿಯಾಯಿತು. ಆಮೇಲೆ ಬಗ್ಗಿ ನೋಡಿದರೆ ಬ್ರೇಕ್ ಪ್ಲೇಟಿನ (ಗಾಲಿಯ ಪಕ್ಕದಲ್ಲಿ ಬ್ರೇಕನ್ನು ಹೊತ್ತಿರುವ ತಟ್ಟೆಯ) ಗಾಡಿಗೂ ಫೋರ್ಕಿನ ಕಾಲಿನ ಮೇಲಿರುವ ಗುಬುಟಿಗೂ ನಡುವೆ ಒಂದು ಬೆರಳಿನಷ್ಟು ಜಾಗ. (ಇಲ್ಲಿ ‘ಗಾಡಿ’ ಅಂದರೆ ಕೊರೆದ ಸೀಳು, ವಾಹನ ಅಲ್ಲ. ನೋಡಿ, ಇದೂ ಒಂದು ಕಾಟ. ಇನ್ನು ಮುಂದೆ ‘ಸೀಳು’ ಅಂತಲೇ ಬರೆಯುತ್ತೇನೆ.) ಡ್ರಮ್ ಬ್ರೇಕಿನಲ್ಲಿ ಆ ಸೀಳು ಆ ಗುಬುಟಿಗೆ ಸಿಕ್ಕಿಕೊಂಡಿರಲೇಬೇಕು. ಇಲ್ಲದಿದ್ದರೆ ಬ್ರೇಕ್ ಹಿಡಿದ ಕೂಡಲೇ ಗಾಲಿಯ ಜೊತೆ ಪ್ಲೇಟೂ ತಿರುಗುತ್ತದೆ, ಕೇಬಲ್ ಸುತ್ತಿಕೊಳ್ಳುತ್ತದೆ, ಗಾಲಿ ಕಚ್ಚಿಕೊಳ್ಳುತ್ತದೆ. ಫೋನ್ ಮಾಡಿ ಬೈದೆ. ಅವನು ಹೇಳಿದ್ದು: ‘ಕೂರುತ್ತೆ ಅಂದೆ. ಹಾಗೇ ಕೂರುತ್ತೆ ಅಂದ್ನಾ?’

ಆ ‘ಹಾಗೇ’ ಅನ್ನುವುದನ್ನೇ ನಾನು ಹುಡುಕುತ್ತಿದ್ದೇನೆ. ಏನೂ ಕೆಲಸ ಮಾಡದೆ ಕೂರುವುದು ಒಂದು, ಉಜ್ಜಿ ಕೊರೆದು ವಾಶರ್ ಹಾಕಿ ಕೂರಿಸುವುದು ಇನ್ನೊಂದು. ಬಾಯಿಮಾತಿನಲ್ಲಿ ಎರಡಕ್ಕೂ ‘ಕೂರುತ್ತೆ’, ಇಲ್ಲವೇ ‘ಸೆಟ್ ಆಗತ್ತೆ’. ಬರೆಯುವಾಗ ಇದು ಸಾಲದು.

ಯೋಚಿಸುತ್ತಾ ಹೋದಾಗ ‘ಹೊಂದು’ ಅನ್ನುವ ಧಾತುವಿನಲ್ಲೇ ಎಲ್ಲ ಇದೆ ಅನ್ನಿಸಿತು. ‘ಹೊಂದುತ್ತದೆ’ ಅಂದರೆ ಹಾಗೇ ಸೇರುತ್ತದೆ. ‘ಹೊಂದಿಸಬಹುದು’ ಅಂದರೆ ನಾವು ಕೈ ಹಾಕಬೇಕು. ಒಂದು ‘ಇಸು’ ಪ್ರತ್ಯಯ ಅರ್ಧ ದಿನದ ಕೆಲಸವನ್ನು ಹೇಳಿಬಿಡುತ್ತದೆ! ಬೇರಿಂಗಿನ ಉದಾಹರಣೆ ನೋಡಿ. 6302 ನಂಬರಿನ ಬೇರಿಂಗಿಗೆ ಒಳಗಿನ ತೂತು 15 ಮಿ.ಮೀ., ಹೊರಗಿನ ಅಳತೆ 42. 6004 ನಂಬರಿನದಕ್ಕೂ ಹೊರಗಿನ ಅಳತೆ 42, ಆದರೆ ತೂತು 20. ಹಾಗಾಗಿ 15ರ ಆಕ್ಸಲ್ಲಿಗೆ ಮಾಡಿದ ಹಬ್ಬಿಗೆ (ಬೇರಿಂಗ್ ಕೂರುವ ಗಾಲಿಯ ನಡುಭಾಗಕ್ಕೆ) 20ರ ಆಕ್ಸಲ್ ಹೊಂದುವುದಿಲ್ಲ, ಆದರೆ ಹೊಂದಿಸಬಹುದು. ಬೇರಿಂಗ್ ಬದಲಿಸಿ, ಎರಡು ಬೇರಿಂಗಿನ ನಡುವಿನ ಸ್ಪೇಸರ್ ಕೊಳವೆ ಬದಲಿಸಿ, ಅಗಲದಲ್ಲಿ ಬರುವ 1 ಮಿ.ಮೀ. ವ್ಯತ್ಯಾಸಕ್ಕೆ (13 ಇದ್ದದ್ದು 12 ಆಗುತ್ತದೆ) ತೆಳು ವಾಶರ್ ಹಾಕಿದರೆ ಆಯಿತು.

ಮೂರನೆಯದು ‘ಹೊಂದಿಕೊಳ್ಳು’. ಕಬ್ಬಿಣ ತಾನಾಗಿ ಎಲ್ಲಿ ಹೊಂದಿಕೊಳ್ಳುತ್ತದೆ, ಅದು ಮನುಷ್ಯರ ಪಾಡು ಅಂದುಕೊಂಡಿದ್ದೆ. ಆದರೆ ಹೊಸ ಬ್ರೇಕ್ ಶೂ (ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಪಟ್ಟಿ) ಮಾಡುವುದು ಅದನ್ನೇ ಅಲ್ವಾ? ಮೊದಲು ಡ್ರಮ್ಮಿಗೆ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ತಾಗುತ್ತದೆ. ಓಡಿಸುತ್ತಾ ಓಡಿಸುತ್ತಾ ಸವೆದು ಪೂರ್ತಿ ತಾಗುತ್ತದೆ. ಶೂ ಡ್ರಮ್ಮಿಗೆ ಹೊಂದಿಕೊಂಡಿತು ಅಂದರೆ ಸರಿಯಾದ ಮಾತು. ‘ಹೊಂದಾಣಿಕೆ’ ಅನ್ನುವುದನ್ನು ಮಾತ್ರ ದೂರ ಇಟ್ಟಿದ್ದೇನೆ. ಅದರಲ್ಲಿ ಗಂಡ ಹೆಂಡತಿ, ಚುನಾವಣೆ, ಸೀಟು ಹಂಚಿಕೆ ಎಲ್ಲ ನೆನಪಾಗುತ್ತವೆ. ‘ಹೊಂದಿಕೆ’ ಸಾಕು.

ಇಷ್ಟು ಚೆಂದದ ಧಾತುವಿಗೆ ಒಂದು ಶತ್ರು ಇದೆ. ‘ಈ ಗಾಡಿ 18 ಇಂಚಿನ ಗಾಲಿಯನ್ನು ಹೊಂದಿದೆ’ ಅನ್ನುವ ಪತ್ರಿಕೆ ಕನ್ನಡ. ‘ಗಾಡಿಗೆ 18 ಇಂಚಿನ ಗಾಲಿ ಹೊಂದಿದೆ’ ಅಂದರೆ ಅರ್ಥವೇ ಬೇರೆ. ಒಂದು ವಿಭಕ್ತಿ ತಪ್ಪಿದರೆ ಓದುಗ ತಪ್ಪು ಗಾಲಿ ತರುತ್ತಾನೆ. ಹಾಗಾಗಿ ಮೊದಲ ಅರ್ಥಕ್ಕೆ ಸುಮ್ನೆ ‘ಇದೆ’ ಅಂತಲೇ ಬರೆಯುತ್ತಿದ್ದೇನೆ.

ಇನ್ನೊಂದು ಗಂಟು, ಇಡೀ ಕೆಲಸಕ್ಕೆ ಏನನ್ನಬೇಕು ಅನ್ನುವುದು. ‘ಅದಲುಬದಲು’ ಅಂದರೆ ಅದು ಇದಕ್ಕೆ, ಇದು ಅದಕ್ಕೆ. ಹಳೇ ಹೋಂಡಾ ಸಿಬಿ350 ಮತ್ತು ಸಿಎಲ್350 ನೋಡಿ (ಈಗ ಅದೇ ಹೆಸರಲ್ಲಿ ಬರುವ ಹೊಸ ಸಿಬಿ350 ಅಲ್ಲ). ಎರಡಕ್ಕೂ ಒಂದೇ 325 ಸಿಸಿ ಎಂಜಿನ್. ಮುಂದಿನ ಟೈರು ಮಾತ್ರ ಸಿಬಿಗೆ 3.00-18, ಸಿಎಲ್‌ಗೆ 3.00-19 (ಕೊನೆಯ ಅಂಕಿ ಗಾಲಿಯ ಇಂಚು). ಇಬ್ಬರು ಗೆಳೆಯರು ಗಾಲಿ ಬದಲಾಯಿಸಿಕೊಂಡರೆ ಅದಲುಬದಲು. ಸಿಎಲ್ ಮುಂದೆ ಅರ್ಧ ಇಂಚು ತಗ್ಗುತ್ತದೆ, ಸಿಬಿ ಅಷ್ಟೇ ಏಳುತ್ತದೆ. 19 ಇಂಚಿನ ಲೆಕ್ಕಕ್ಕೆ ಮಾಡಿದ ಸ್ಪೀಡೋಮೀಟರ್ ಗೇರನ್ನು 18ರ ಗಾಲಿಗೆ ಹಾಗೇ ಬಿಟ್ಟರೆ ಮೀಟರು ನೂರಕ್ಕೆ ಸುಮಾರು 4ರಷ್ಟು ಜಾಸ್ತಿ ತೋರಿಸುತ್ತದೆ. ಕೂತಿದೆ, ತಿರುಗುತ್ತಿದೆ, ಆದರೆ ಸುಳ್ಳು ಹೇಳುತ್ತಿದೆ. ಇದನ್ನು ‘ಹೊಂದಿದೆ’ ಅನ್ನಲು ನನಗೆ ಮನಸ್ಸಿಲ್ಲ.

ಆದರೆ ಸಾಮಾನ್ಯವಾಗಿ ಆಗುವುದು ಅದಲುಬದಲಲ್ಲ. ಕೆಟ್ಟು ನಿಂತ ಒಂದು ಗಾಡಿಯಿಂದ ಫೋರ್ಕು, ಟೀ (ಫೋರ್ಕಿನ ಎರಡು ಕಾಲನ್ನು ಹಿಡಿದಿರುವ, ನಡುವೆ ದಂಟು ಇರುವ ತುಂಡು), ಗಾಲಿ, ಬ್ರೇಕು ಎಲ್ಲವನ್ನೂ ಒಟ್ಟಿಗೆ ತೆಗೆದು ಓಡುವ ಗಾಡಿಗೆ ಹಾಕುತ್ತಾರೆ. ಇದು ಒಂದೇ ದಿಕ್ಕಿನ ಕೆಲಸ. ‘ಬದಲಿ’ ಅಂದರೆ ಹಾಳಾದದ್ದರ ಜಾಗಕ್ಕೆ ಅದೇ ಭಾಗ ಹೊಸದು ಅನ್ನಿಸುತ್ತದೆ. ನನಗೆ ಹೊಳೆದದ್ದು ‘ಕಸಿ’. ಗಿಡದ ಕಸಿಯಲ್ಲೂ ಹತ್ತಿರದ ಜಾತಿಯೇ ಬೇಕು, ಸೇರುವ ಜಾಗ ಸರಿಯಾಗಿ ಕೂಡಬೇಕು. ಇಲ್ಲಿ ಆ ಜಾಗ ಟೀ ದಂಟು ಚಾಸಿಯ ಕುತ್ತಿಗೆಗೆ ಸೇರುವ ಕಡೆ. ದಂಟಿನ ಉದ್ದ, ಬಾಲ್ ರೇಸಿನ (ಅಲ್ಲಿನ ಬೇರಿಂಗ್ ಗುಂಡುಗಳು ಉರುಳುವ ಬಳೆಯ) ಅಳತೆ ಎರಡೂ ಕೂಡಿದರೆ ಕಸಿ ಹಿಡಿಯಿತು. ‘ಕಸಿ ಹಿಡಿಯಿತು’ ಅನ್ನುವ ಮಾತು ಗ್ಯಾರೇಜಿನಲ್ಲಿ ನಗೆಪಾಟಲಾಗುತ್ತದೋ ಏನೋ. ಅಂಗಾಂಗ ಕಸಿಯ ದಾರಿ ಹಿಡಿದು ಭಾಗ ಕೊಟ್ಟ ಗಾಡಿಗೆ ‘ದಾನಿ’ ಅಂದರಂತೂ ಖಂಡಿತ ನಗುತ್ತಾರೆ.

ಕೆಲವು ಕಡೆ ಹಳೇ ಪದಗಳೇ ಸಲೀಸು. ಆಕ್ಸಲ್ ನಟ್ಟು ಕಳಚದಂತೆ ಹಾಕುವ ಸ್ಪ್ಲಿಟ್ ಪಿನ್ನಿಗೆ ವಚನಗಳಲ್ಲಿ ಬರುವ ‘ಕಡೆಗೀಲು’ ಸಾಕು, ಎತ್ತಿನಗಾಡಿಯಲ್ಲಿ ಅದರ ಕೆಲಸವೂ ಅದೇ. ‘ಅಚ್ಚು’ ಮಾತ್ರ ಬಿಟ್ಟೆ. ಒಂದೇ ಪುಟದಲ್ಲಿ ಎರಕದ ಅಚ್ಚೂ ಬರುತ್ತದೆ, ಗೊಂದಲ. ಆಕ್ಸಲ್ ಅಂತಲೇ ಇರಲಿ.

ಈಗ ಕೇಳಬೇಕಾದದ್ದು. ನಿಮ್ಮ ಕಡೆ ರಿಪೇರಿ ಮಾಡುವವರು ‘ಹಾಗೇ ಕೂರುವುದು’ ಮತ್ತು ‘ಮಾಡಿ ಕೂರಿಸುವುದು’ ಇವೆರಡನ್ನು ಒಂದೊಂದೇ ಪದದಲ್ಲಿ ಬೇರೆ ಮಾಡಿ ಹೇಳುತ್ತಾರಾ? ಬಡಗಿಗಳಲ್ಲಿ, ನೇಯ್ಗೆಯವರಲ್ಲಿ ಇದ್ದರೂ ಹೇಳಿ, ಅಲ್ಲಿಂದ ಕಸಿ ಮಾಡಿಕೊಳ್ಳುತ್ತೇನೆ. ಮತ್ತೆ, ಮೇಲಿನ ಮೀಟರಿನ ಥರ ಕೂತು, ತಿರುಗಿ, ಆದರೂ ಸರಿಯಿಲ್ಲದ್ದಕ್ಕೆ ಏನನ್ನೋಣ?